850 ರೂಪಾಯಿಯ ಫೋಮ್ ರೋಲರ್: ನಾಲ್ಕು ತಿಂಗಳು ಉರುಳಾಡಿ ನೋಡಿದ್ದು

ಚಾಮುಂಡಿ ಬೆಟ್ಟ ಹತ್ತೋದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಹತ್ತಿದ್ದಕ್ಕೆ ಏನೂ ಆಗಲ್ಲ ಸ್ವಾಮಿ, ಇಳಿದ ಮಾರನೇ ದಿನ ನೋಡಬೇಕು. ಸಾವಿರ ಮೆಟ್ಟಿಲು ಇಳಿದು, ಮನೆಗೆ ಬಂದು, ಒಂದು ರಾತ್ರಿ ಮಲಗಿ ಎದ್ದರೆ ಕಮೋಡ್ ಮೇಲೆ ಕೂರೋಕೂ ಗೋಡೆ ಹಿಡಿದುಕೊಳ್ಳಬೇಕು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕಲ್ಲ, ಅದಕ್ಕೇ ಈ ನೋವು. ಅದೂ ತಕ್ಷಣ ಬರಲ್ಲ, ಒಂದೆರಡು ದಿನ ಬಿಟ್ಟು ಜೋರಾಗುತ್ತದೆ. ನಾನು ವಾರಪೂರ್ತಿ ಬ್ಯಾಂಕಿನ ಕೌಂಟರಿನಲ್ಲಿ ಕುರ್ಚಿಗೆ ಅಂಟಿಕೊಂಡಿರುವವನು, ಭಾನುವಾರ ಮಾತ್ರ ಶೂರ. ಸೋಮವಾರ, ಮಂಗಳವಾರ ನನ್ನ ನಡಿಗೆ ನೋಡಿ ಕೌಂಟರಿನವರೆಲ್ಲ ನಗೋದು ಮಾಮೂಲಿ ಆಗಿಬಿಟ್ಟಿತ್ತು.

ಬೆಟ್ಟಕ್ಕೆ ಜೊತೆಗೆ ಬರುವ ಹುಡುಗನೊಬ್ಬ ಫೋಮ್ ರೋಲರ್ ತಗೊಳ್ಳಿ ಸಾರ್ ಅಂದ. ಮೈ ಕೆಳಗಿಟ್ಟು ಉರುಳಾಡಿ ಸ್ನಾಯು ನೀವಿಕೊಳ್ಳೋ ಫೋಮಿನ ಉರುಳೆ ಅದು. ತಗೊಂಡೆ. ಒಂದಲ್ಲ, ಎರಡು. ಮೊದಲನೆಯದು ದಂಡ.

ಆ ಮೊದಲನೆಯದು ಬಿಳೀದು, ನೋಡೋಕೆ ಥರ್ಮಾಕೋಲ್ ತರಹ, 450 ರೂಪಾಯಿ. ಮುಟ್ಟಿದರೆ ಮೆತ್ತಗೆ, ಮೈಗೆ ಹಿತ. ಆದರೆ ಆರು ವಾರಕ್ಕೆ ನಡು ತಗ್ಗಿ ಡಮರುವಿನ ಆಕಾರಕ್ಕೆ ಬಂತು. ನನ್ನ ತೂಕ 74 ಕೆಜಿ, ಅಂಥ ದೊಡ್ಡ ಭಾರವೇನಲ್ಲ. ಮಾರಿದವರಿಗೆ ಫೋಟೋ ತೆಗೆದು ಕಳಿಸಿದರೆ, ಏಳು ದಿನ ಕಳೆದಿದೆ, ವಾಪಸ್ ಆಗಲ್ಲ ಅಂತ ಒಂದೇ ಸಾಲು ಬರೆದರು. ಡಬ್ಬದ ಮೇಲೆ ಬರೆದಿದ್ದು ನೋಡಬೇಕಿತ್ತು: ಕೊಬ್ಬು ಕರಗುತ್ತದಂತೆ, ಸ್ನಾಯುವಿನ ಗಂಟುಗಳು ಒಡೆಯುತ್ತವಂತೆ, ಬಲ ದುಪ್ಪಟ್ಟಾಗುತ್ತದಂತೆ. ಈಗ ಅದನ್ನು ಅಮ್ಮ ಅಡುಗೆಮನೆ ಬಾಗಿಲು ಗಾಳಿಗೆ ಬಡಿಯದ ಹಾಗೆ ಅಡ್ಡ ಇಡುತ್ತಾರೆ. ಆ ಕೆಲಸ ಮಾತ್ರ ಚೆನ್ನಾಗಿ ಮಾಡುತ್ತಿದೆ.

ಎರಡನೆಯದು 850 ರೂಪಾಯಿ, ಈ ಬರಹ ಅದರದ್ದು. ಒಳಗೆ ಗಟ್ಟಿ ಪ್ಲಾಸ್ಟಿಕ್ ಕೊಳವೆ, ಮೇಲೆ ಇವಿಎ ಫೋಮ್ (ಚಪ್ಪಲಿಯ ಅಟ್ಟೆಗೆ ಹಾಕೋ ಥರದ್ದು), ಅದರ ಮೇಲೆ ಉಬ್ಬುತಗ್ಗು. 33 ಸೆಂಟಿಮೀಟರ್ ಉದ್ದ, ಬ್ಯಾಗಿನೊಳಗೆ ಸಲೀಸಾಗಿ ಹಿಡಿಯುತ್ತದೆ. ಮೊದಲು ಬಿಚ್ಚಿದಾಗ ಹೊಸ ಚಪ್ಪಲಿ ಅಂಗಡಿಯ ವಾಸನೆ, ಎರಡು ದಿನ ಟೆರೇಸಿನಲ್ಲಿ ಒಣಗಿಸಿದರೂ ಪೂರ್ತಿ ಹೋಗಿಲ್ಲ. ಆದರೆ ನಾಲ್ಕು ತಿಂಗಳಾದರೂ ಆಕಾರ ಹಾಗೇ ಇದೆ. ನಾನು ಒಂದು ಸಲ ಅದರ ಮೇಲೆ ಎರಡೂ ಕಾಲಿಟ್ಟು ನಿಂತೂ ನೋಡಿದೆ (ನೀವು ಈ ಸಾಹಸ ಮಾಡಬೇಡಿ, ಜಾರುತ್ತದೆ).

ಬಳಸೋದು ಸುಲಭ. ಮೀನಖಂಡಕ್ಕಾದರೆ ನೆಲದ ಮೇಲೆ ಕೂತು, ಕಾಲು ಚಾಚಿ, ಮೀನಖಂಡದ ಕೆಳಗೆ ರೋಲರ್ ಇಟ್ಟು, ಎರಡೂ ಕೈ ಹಿಂದಕ್ಕೆ ಊರಿ ಸೊಂಟ ಎತ್ತಿ ನಿಧಾನಕ್ಕೆ ಹಿಂದೆಮುಂದೆ ಹೋಗೋದು. ತೊಡೆಗೆ ಬೋರಲು ಮಲಗಬೇಕು. ಮೊದಲ ದಿನ ನನ್ನ ಈ ಅವಸ್ಥೆ ನೋಡಿ ಹೆಂಡತಿ, "ಏನ್ರೀ ಇದು, ಲಟ್ಟಣಿಗೆ ಕೆಳಗೆ, ಚಪಾತಿ ಮೇಲೆ!" ಅಂದಳು. ನಿಜ ಹೇಳಬೇಕಂದ್ರೆ ಅದಕ್ಕಿಂತ ಚೆನ್ನಾಗಿ ಯಾರೂ ವರ್ಣಿಸಿಲ್ಲ. ಅಮ್ಮನದು ಇನ್ನೊಂದು ರಾಗ: "ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿ ನೀವಿಕೊಂಡಿದ್ರೆ ಆಗ್ತಿತ್ತು ಕಣೋ, ಇದಕ್ಕೆ ಎಂಟ್ನೂರು ರೂಪಾಯಿ ದಂಡ." ತಪ್ಪೇನಿಲ್ಲ. ನಮ್ಮೂರಿನ ಗರಡಿಮನೆಯ ಪೈಲ್ವಾನರಿಗೆ ಮಾಲೀಸು ಮಾಡೋಕೆ ಜೊತೆಯವರಿರುತ್ತಾರೆ. ನನಗೆ ಯಾರಿದ್ದಾರೆ? ನಮ್ಮ ಭಾರ ನಾವೇ ಹಾಕಿ ಮಾಡಿಕೊಳ್ಳೋ ಮಾಲೀಸು ಇದು.

ಸರಿ, ಕೆಲಸ ಮಾಡುತ್ತದಾ? ಸುಮ್ನೆ ಹಾಯಾಗುತ್ತೆ ಅಂದರೆ ಸಾಲದು ಅಂತ ಒಂದು ಪರೀಕ್ಷೆ ಮಾಡಿದೆ. ಮಗಳ ಜಾಮಿಟ್ರಿ ಬಾಕ್ಸಿನಿಂದ ಸ್ಕೇಲ್ ತಗೊಂಡು ಹಾಲ್‌ನ ಗೋಡೆ ಹತ್ತಿರ ನಿಂತೆ. ಹಿಮ್ಮಡಿ ನೆಲ ಬಿಡಬಾರದು, ಮಂಡಿ ಬಗ್ಗಿಸಿ ಗೋಡೆಗೆ ತಾಗಿಸಬೇಕು, ಆಗ ಕಾಲಿನ ಹೆಬ್ಬೆರಳು ಗೋಡೆಯಿಂದ ಎಷ್ಟು ದೂರ ಇರಬಹುದು ಅನ್ನೋದು ಲೆಕ್ಕ. ಬಲಗಾಲು 8 ಸೆಂಟಿಮೀಟರ್. ಮೀನಖಂಡವನ್ನು ಒಂದೊಂದು ನಿಮಿಷದ ಹಾಗೆ ಎರಡು ಸಲ ಉರುಳಿಸಿ ಮತ್ತೆ ಅಳೆದರೆ ಒಂಬತ್ತೂವರೆ! ಖುಷಿಯಾಗಿ ಎಲ್ಲರನ್ನೂ ಕರೆದು ತೋರಿಸಿದೆ. ಕಾಫಿ ಕುಡಿದು, ಪೇಪರ್ ಓದಿ, ಅರ್ಧ ಗಂಟೆ ಬಿಟ್ಟು ಅಳೆದರೆ ಎಂಟೂಕಾಲು. ಯಾರನ್ನೂ ಕರೆಯಲಿಲ್ಲ. ಇದನ್ನು ಬೇರೆ ಬೇರೆ ದಿನ ಐದಾರು ಸಲ ಮಾಡಿದ್ದೇನೆ, ಹೆಚ್ಚುಕಮ್ಮಿ ಇದೇ ಕಥೆ. ಎಡಗಾಲನ್ನು ಮುಟ್ಟದೇ ಬಿಟ್ಟ ಒಂದು ದಿನ ಅದೂ ಅರ್ಧ ಸೆಂಟಿಮೀಟರ್ ಮುಂದಕ್ಕೆ ಬಂದಿತ್ತು. ಸ್ಕೇಲ್ ಸರಿಯಾಗಿ ಹಿಡಿದಿಲ್ಲ ಅಂದುಕೊಂಡೆ. ಆಮೇಲೆ ಓದಿದರೆ, ಒಂದು ಕಾಲು ಉರುಳಿಸಿದರೆ ಇನ್ನೊಂದು ಕಾಲೂ ಒಂಚೂರು ಸಡಿಲವಾಗುತ್ತದೆ ಅನ್ನೋದನ್ನು ಸಂಶೋಧಕರೂ ಗಮನಿಸಿದ್ದಾರೆ.

ಇಲ್ಲೇ ಆ ಡಬ್ಬದ ಮೇಲಿನ ಗಂಟು ಒಡೆಯೋ ಕಥೆ ಬಿದ್ದುಹೋಗುತ್ತದೆ. ಮುಟ್ಟದ ಕಾಲಿನ ಗಂಟು ಹೇಗೆ ಒಡೆಯಿತು? ತೊಡೆಯ ಹೊರಬದಿಗೆ ಒಂದು ಗಟ್ಟಿ ಪಟ್ಟಿ ಇರುತ್ತದೆ, ಅದರ ಮೇಲೆ ರೋಲರ್ ಇಟ್ಟರೆ ಪ್ರಾಣ ಹೋಗುತ್ತದೆ. 2008ರಲ್ಲಿ ಕೆಲವರು ಅದಕ್ಕೊಂದು ಗಣಿತ ಮಾಡಿದರು. ಆ ಪಟ್ಟಿಯನ್ನು ಶೇಕಡಾ 1ರಷ್ಟು ಒತ್ತಬೇಕಾದರೂ 900 ಕೆಜಿಗಿಂತ ಜಾಸ್ತಿ ಭಾರ ಬೇಕು ಅಂತ ಬಂತು. ನನ್ನದು 74, ಅದರಲ್ಲಿ ಅರ್ಧ ಕೈ ಮೇಲೆ. ಹಾಗಾಗಿ ಅಲ್ಲಿ ಹಲ್ಲು ಕಚ್ಚಿಕೊಂಡು ಉರುಳೋದನ್ನು ನಾನು ಬಿಟ್ಟುಬಿಟ್ಟೆ. ಸಡಿಲವಾಗೋದು ಹೆಚ್ಚಾಗಿ ನರಗಳ ಮಟ್ಟದಲ್ಲಿ ಅನ್ನುತ್ತಾರೆ. ಅಂದರೆ ಆ ಎಳೆತವನ್ನು ಮೈ ಸ್ವಲ್ಪ ಹೊತ್ತು ಜಾಸ್ತಿ ತಡೆದುಕೊಳ್ಳುತ್ತದೆ. ಸ್ನಾಯುವೇನೂ ಉದ್ದ ಬೆಳೆದಿರಲ್ಲ.

ಇನ್ನು ಬಲದ ವಿಷಯ. ರೋಲರ್ ಉರುಳಿಸಿದರೆ ಬಲ ಬರಲ್ಲ. ಬಲ ಬೇಕಾದರೆ ಬಸ್ಕಿ ಹೊಡೆಯಿರಿ, ಭಾರ ಎತ್ತಿರಿ. ಆದರೆ ಇದರಲ್ಲಿ ಒಂದು ಒಳ್ಳೇ ಅಂಶ ಇದೆ. ಓಡೋಕೆ ಮುಂಚೆ ಸ್ನಾಯುವನ್ನು ಒಂದೇ ಭಂಗಿಯಲ್ಲಿ ಒಂದು ನಿಮಿಷಕ್ಕಿಂತ ಜಾಸ್ತಿ ಎಳೆದು ಹಿಡಿದರೆ ಸ್ವಲ್ಪ ಹೊತ್ತು ಬಲ ಒಂಚೂರು ಇಳಿಯುತ್ತದೆ, ಅದು ಗೊತ್ತಿರೋ ವಿಷಯ. ರೋಲರ್‌ನಲ್ಲಿ ಆ ತಾಪತ್ರಯ ಇಲ್ಲ. ಕೆನಡಾದಲ್ಲಿ 2013ರಲ್ಲಿ 11 ಗಂಡಸರ ತೊಡೆಯನ್ನು ಒಂದೊಂದು ನಿಮಿಷ ಎರಡು ಸಲ ಉರುಳಿಸಿ ನೋಡಿದರು. ಎರಡು ನಿಮಿಷ ಬಿಟ್ಟು ಮಂಡಿ 10 ಡಿಗ್ರಿ ಜಾಸ್ತಿ ಬಗ್ಗಿತು, ಹತ್ತು ನಿಮಿಷ ಬಿಟ್ಟು 8 ಡಿಗ್ರಿ. ಕಾಲಿನ ಬಲ ಮಾತ್ರ ಇಳಿಯಲಿಲ್ಲ. 11 ಜನ ಅಂದರೆ ನಮ್ಮ ಬ್ಯಾಂಕಿನ ಶಾಖೆಯಷ್ಟೇ, ಅದನ್ನು ನೆನಪಲ್ಲಿಟ್ಟುಕೊಂಡೇ ನಂಬಬೇಕು. ನಾನೂ ಮೆಟ್ಟಿಲಂಚಿನಲ್ಲಿ ಒಂಟಿಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಿ ಎಣಿಸಿದೆ. ಉರುಳಿಸೋಕೆ ಮುಂಚೆ 22, ಉರುಳಿಸಿದ ಮೇಲೆ 22. ಇಪ್ಪತ್ಮೂರನೆಯದು ಎರಡೂ ಸಲ ಆಗಲಿಲ್ಲ.

2019ರಲ್ಲಿ ಇಂಥ 21 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ತೂಗಿ ನೋಡಿದ ಒಂದು ಲೇಖನ ಬಂತು. ಆಟಕ್ಕೆ ಮುಂಚೆ ಉರುಳಿಸಿದರೆ ಮೈ ಬಗ್ಗೋದು ಶೇಕಡಾ 4ರಷ್ಟು ಜಾಸ್ತಿ, ಓಟದ ವೇಗ ಶೇಕಡಾ 1ರಷ್ಟೂ ಏರಲ್ಲ. ವ್ಯಾಯಾಮ ಆದ ಮೇಲೆ ಉರುಳಿಸಿದರೆ ನೋವು ಶೇಕಡಾ 6ರಷ್ಟು ಕಮ್ಮಿ. ಓದಿದಾಗ ನನಗೆ ನಿರಾಸೆಯೇ ಆಯಿತು. ಆರು ಪರ್ಸೆಂಟಿಗೆ ಇಷ್ಟೆಲ್ಲ ಒದ್ದಾಟವಾ? ಆದರೆ ಮಂಗಳವಾರ ಬೆಳಿಗ್ಗೆ ಸಿಟಿ ಬಸ್ಸಿನ ಮೆಟ್ಟಿಲಿಳಿಯುವಾಗ ಆ ಆರು ಪರ್ಸೆಂಟ್ ದೊಡ್ಡದಾಗಿಯೇ ಕಾಣುತ್ತದೆ. ಭಾನುವಾರ ಬೆಟ್ಟದಿಂದ ಬಂದು ಸ್ನಾನಕ್ಕೆ ಮುಂಚೆ ಹತ್ತು ನಿಮಿಷ, ಸೋಮವಾರ ರಾತ್ರಿ ಹತ್ತು ನಿಮಿಷ, ಅಷ್ಟೇ ನನ್ನ ಲೆಕ್ಕ. ಉರುಳಿಸದ ವಾರ ಗೋಡೆ ಹಿಡಿಯುತ್ತೇನೆ, ಉರುಳಿಸಿದ ವಾರ ಬರೀ ಮುಖ ಕಿವುಚುತ್ತೇನೆ.

ಒಂದು ತಪ್ಪು ಮಾಡಿದೆ, ಹೇಳಿಬಿಡುತ್ತೇನೆ. ನೋವು ಜಾಸ್ತಿ ಆದಷ್ಟೂ ಗುಣ ಜಾಸ್ತಿ ಅಂದುಕೊಂಡು ಮೂರನೇ ವಾರ ತೊಡೆಯ ಒಂದೇ ಜಾಗದಲ್ಲಿ ಐದು ನಿಮಿಷ ಒತ್ತಿ ಹಿಡಿದೆ. ಮಾರನೇ ದಿನ ನೇರಳೆ ಹಣ್ಣಿನ ಬಣ್ಣಕ್ಕೆ ಕಂದಿತ್ತು, ಆರಲು ಒಂದು ವಾರ ಬೇಕಾಯಿತು. ಹಿತವಾದ ನೋವು ಅಂತೀವಲ್ಲ, ಅಷ್ಟು ಸಾಕು, ಮಾತಾಡಿಕೊಂಡು ಉರುಳೋ ಹಾಗಿರಬೇಕು. ಮಂಡಿಯ ಹಿಂದಿನ ಗುಳಿಯಲ್ಲಿ ಮತ್ತು ಮೂಳೆ ಮೇಲೆ ಬೇಡ. ಸೊಂಟದ ಹಿಂದೆಯೂ ಬೇಡ, ಬೆನ್ನಿಗೆ ಬೇಕಾದರೆ ಮೇಲ್ಭಾಗ ಮಾತ್ರ. ಹೊಸದಾಗಿ ಉಳುಕಿದ ಕಾಲಿಗೆ ಹಚ್ಚಲೇಬಾರದು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ ತೊಂದರೆ ಇದ್ದವರು, ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು, ಮೂಳೆ ಸವೆದವರು ಡಾಕ್ಟರನ್ನು ಕೇಳದೆ ಇದರ ತಂಟೆಗೆ ಹೋಗಬೇಡಿ. ನಮ್ಮಮ್ಮನಿಗೆ ಕಾಲಿನ ರಕ್ತನಾಳ ಉಬ್ಬಿಕೊಂಡಿದೆ, ಒಂದು ದಿನ "ನಂಗೂ ಕೊಡೋ, ನೋಡ್ತೀನಿ" ಅಂದರು, ಕೊಡಲಿಲ್ಲ. ಕೋಪ ಮಾಡಿಕೊಂಡರು.

ಕೊಳ್ಳೋರಿಗೆ: ಹೊಸಬರು ತೀರಾ ಚೂಪು ಉಬ್ಬುಗಳಿರೋದನ್ನು ತಗೊಳ್ಳಬೇಡಿ, ಮೊದಲ ದಿನವೇ ಅಟ್ಟಕ್ಕೆ ಹೋಗುತ್ತದೆ. ಒಳಗೆ ಕೊಳವೆ ಇರೋದನ್ನೇ ನೋಡಿ. ಬೆನ್ನಿಗೆ ಉದ್ದುದ್ದ ಹಾಕಿಕೊಂಡು ಮಲಗಬೇಕು ಅನ್ನೋರಿಗೆ 33 ಸೆಂಟಿಮೀಟರ್ ಸಾಲಲ್ಲ, 90ರದ್ದು ಬೇಕು, ಮನೆಯಲ್ಲಿ ಇಡೋಕೆ ಜಾಗ ಇದ್ದರೆ. ನಡುಗುವ ಬ್ಯಾಟರಿ ರೋಲರ್‌ಗಳೂ ಬಂದಿವೆ, ಬೆಲೆ ನೋಡಿಯೇ ನನ್ನ ಕಾಲು ನಡುಗಿತು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಅರ್ಧ ಆ ವಾಸನೆಗೆ ಹೋಯಿತು. ಇನ್ನೊಂದು ಅಂಕ, ಇದರ ಡಬ್ಬದ ಮೇಲೂ ಸಣ್ಣಕ್ಷರದಲ್ಲಿ ಕೊಬ್ಬು ಕರಗುತ್ತದೆ ಅಂತ ಬರೆದಿದ್ದಕ್ಕೆ. ನಾಲ್ಕು ತಿಂಗಳಾಯಿತು, ನಾನಿನ್ನೂ 74 ಕೆಜಿಯೇ.