ಶೀಟ್ ಮೇಲೆ ಕಪ್ಪು ಪೈಪ್, ಪೂಲ್ ಮೇಲೆ ಹೊದಿಕೆ: ನಮ್ಮ ಮನೆ ಸೋಲಾರ್‌ಗೆ ನಾಲ್ಕು ಚಳಿಗಾಲ

ಅಮ್ಮನ ಮಂಡಿ ನೋವಿಗೆ ನೀರಿನಲ್ಲಿ ನಡೆದರೆ ಒಳ್ಳೆಯದು ಎಂದು ಡಾಕ್ಟರ್ ಹೇಳಿದ್ದರು. ನೀರೇನೋ ನಮ್ಮ ಹಿತ್ತಲಲ್ಲೇ ಇತ್ತು. ಮಕ್ಕಳಿಗೆಂದು ಕಟ್ಟಿಸಿದ ಸಣ್ಣ ಪೂಲ್ ಅದು. 7 ಮೀಟರ್ ಉದ್ದ, 4 ಮೀಟರ್ ಅಗಲ, ಆಳ ಸರಾಸರಿ 1.2 ಮೀಟರ್. ಆದರೆ ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರದ ತೋಟದ ಮನೆ. ಡಿಸೆಂಬರ್ ಬೆಳಿಗ್ಗೆ ಪೂಲ್ ನೀರು 19 ಡಿಗ್ರಿ ತೋರಿಸುತ್ತಿತ್ತು. ಅಮ್ಮ ಒಂದು ಮೆಟ್ಟಿಲು ಇಳಿದು, ಕಾಲು ಎಳೆದುಕೊಂಡು, "ಬೇಡ ಮಗ, ಇದು ಇನ್ನೂ ನೋವು ಜಾಸ್ತಿ ಮಾಡ್ತದೆ" ಎಂದು ಹೊರಟುಬಿಟ್ಟರು. ಅದು 2021ರ ಮಾತು. ಅವತ್ತಿನಿಂದ ಇವತ್ತಿನವರೆಗೆ ನಾನು ಮಾಡಿದ್ದು, ಕೆಟ್ಟಿದ್ದು, ಸರಿಯಾಗಿದ್ದು ಎಲ್ಲವನ್ನೂ ಇಲ್ಲಿ ಬರೆಯುತ್ತೇನೆ. ಇಂಥದ್ದು ಮಾಡಬೇಕು ಅಂದುಕೊಂಡವರಿಗೆ ನನ್ನ ಎರಡು ವರ್ಷ ಉಳಿಯಲಿ.

ಮೊದಲು ಲೆಕ್ಕ. ಒಂದು ಸಾವಿರ ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಬೇಕಾದರೆ ಸುಮಾರು 1.16 ಯೂನಿಟ್ ಶಕ್ತಿ ಬೇಕು. ನಮ್ಮ ಪೂಲ್‌ನಲ್ಲಿ 33,600 ಲೀಟರ್ ಹಿಡಿಯುತ್ತದೆ. ಅಂದರೆ ಒಂದೇ ಒಂದು ಡಿಗ್ರಿಗೆ 39 ಯೂನಿಟ್! ಕರೆಂಟ್ ಕಾಯಿಲ್ ಹಾಕಿದರೆ ಯೂನಿಟ್‌ಗೆ 6 ರೂಪಾಯಿ ಅಂದರೂ ಡಿಗ್ರಿಗೆ 230 ರೂಪಾಯಿ ದಾಟುತ್ತದೆ. ಅದೂ ರಾತ್ರಿ ಕಳೆದರೆ ಹೋಯಿತು. ಬಚ್ಚಲುಮನೆ ಹಂಡೆಯ ಹಾಗೆ ಸೌದೆ ಒಲೆ ಕಟ್ಟೋಣ ಎಂದು ಪಕ್ಕದ ತೋಟದ ಮಾವ ಹೇಳಿದರು. ಅದಕ್ಕೂ ಲೆಕ್ಕ ಹಾಕಿದೆ. ಅರ್ಧ ಬಿಸಿ ಹೊಗೆಯಲ್ಲಿ ಹೋಗುತ್ತದೆ ಎಂದುಕೊಂಡರೆ ಒಂದು ಡಿಗ್ರಿಗೆ 20 ಕೆಜಿ ಒಣ ಸೌದೆ ಬೇಕು. ದಿನಾ ಯಾರು ಉರಿಸುವುದು?

ಉಳಿದದ್ದು ಬಿಸಿಲು. ನಮ್ಮಲ್ಲಿ ಮಳೆಗಾಲ ಬಿಟ್ಟರೆ ಬಿಸಿಲಿಗೆ ಬರ ಇಲ್ಲ. ಚಳಿಗಾಲದಲ್ಲಿ ಮಂಜು ಸರಿಯುವ ಹೊತ್ತಿಗೆ 9 ಗಂಟೆಯಾಗುತ್ತದೆ, ಆಮೇಲೆ ಸಂಜೆವರೆಗೂ ಒಳ್ಳೆ ಬಿಸಿಲು.

ತೋಟದಲ್ಲಿ ಡ್ರಿಪ್ (ಹನಿ ನೀರಾವರಿ) ಮಾಡಿಸಿದಾಗ ಉಳಿದಿದ್ದ 16 ಎಂಎಂ ಕಪ್ಪು ಲ್ಯಾಟರಲ್ ಪೈಪ್ ಮನೆಯಲ್ಲಿ ಇತ್ತು, 500 ಮೀಟರ್. ತೂತು ಇಲ್ಲದ ಪ್ಲೇನ್ ಪೈಪ್. ಬಿಸಿಲು ಚೆನ್ನಾಗಿ ಬೀಳುವ ಜಾಗ ಅಂದರೆ ಕಾಫಿ ಒಣಗಿಸುವ ಕಣ. ಅಲ್ಲಿ ಪೈಪನ್ನು ಚಕ್ಕುಲಿಯ ಹಾಗೆ ಸುತ್ತಿಟ್ಟು, ಫಿಲ್ಟರ್ ಪಂಪಿನ ನೀರನ್ನು ಒಂದು ತುದಿಯಿಂದ ಬಿಟ್ಟು ಇನ್ನೊಂದು ತುದಿಯಿಂದ ಪೂಲ್‌ಗೆ ತಂದೆ. ಹೊರಗೆ ಬಂದ ನೀರು 38 ಡಿಗ್ರಿ. ಮಕ್ಕಳು ಕೈ ಹಿಡಿದು ಕುಣಿದರು. ನಾನೂ ಗೆದ್ದೆ ಅಂದುಕೊಂಡೆ. ಒಂದು ವಾರ ಆದರೂ ಪೂಲ್ ಹೆಚ್ಚು ಕಡಿಮೆ ಮೊದಲಿದ್ದ ಹಾಗೇ ಇತ್ತು.

ಬಹಳ ಜನ ಎಡವುವುದು ಇಲ್ಲೇ. ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. 15 ಲೀಟರ್ ಬಕೆಟ್ ಇಟ್ಟು ನೋಡಿದೆ, ತುಂಬಲು 5 ನಿಮಿಷ ಹಿಡಿಯಿತು. ಅಂದರೆ ನಿಮಿಷಕ್ಕೆ 3 ಲೀಟರ್ ಮಾತ್ರ. ಒಳಗೆ ಹೋಗುವ ನೀರು 21, ಹೊರಗೆ ಬರುವುದು 38. ವ್ಯತ್ಯಾಸ 17. ಲೀಟರ್ ಮತ್ತು ಡಿಗ್ರಿ ಗುಣಿಸಿದರೆ 51, ನಿಮಿಷಕ್ಕೆ ಪೂಲ್‌ಗೆ ಸೇರುವ ಬಿಸಿಯ ಅಳತೆ ಅದು. ಆಮೇಲೆ ಅದೇ 500 ಮೀಟರ್ ಪೈಪನ್ನು 25 ಮೀಟರ್‌ನ 20 ತುಂಡು ಮಾಡಿದೆ. ಎಲ್ಲದರ ಒಂದು ತುದಿ ಒಂದು ದಪ್ಪ ಪೈಪಿಗೆ, ಇನ್ನೊಂದು ತುದಿ ಇನ್ನೊಂದು ದಪ್ಪ ಪೈಪಿಗೆ. ನೀರು 20 ದಾರಿಯಲ್ಲಿ ಒಟ್ಟಿಗೇ ಹೋಗುತ್ತದೆ. ಈಗ ನಿಮಿಷಕ್ಕೆ 20 ಲೀಟರ್ ಬಂತು, ಆದರೆ ಬಿಸಿ ಏರಿದ್ದು ಮೂರೂವರೆ ಡಿಗ್ರಿ ಮಾತ್ರ. ಕೈ ಹಿಡಿದರೆ ಏನೂ ಆಗಿಲ್ಲ ಅನ್ನಿಸುತ್ತದೆ. ಗುಣಿಸಿ ನೋಡಿ: 70. ಅದೇ ಪೈಪು, ಅದೇ ಬಿಸಿಲು, ಪೂಲ್‌ಗೆ ಸೇರುವ ಬಿಸಿ ಮಾತ್ರ ಮೊದಲಿಗಿಂತ ಮೂರನೇ ಒಂದು ಪಾಲಿಗೂ ಮೀರಿ ಜಾಸ್ತಿಯಾಯಿತು. ಕಾರಣ ಸರಳ. ಪೈಪು ಬಿಸಿಯಾದಷ್ಟೂ ಸುತ್ತಲಿನ ತಣ್ಣನೆ ಗಾಳಿಗೆ ಬಿಸಿ ಬಿಟ್ಟುಕೊಡುತ್ತದೆ. ನೀರು ಬೇಗ ಬೇಗ ಹರಿದರೆ ಪೈಪು ತಣ್ಣಗಿರುತ್ತದೆ, ಬಿಸಿಲೆಲ್ಲ ನೀರಿಗೇ ಸಿಗುತ್ತದೆ. ಪೈಪಿನಿಂದ ಬರುವ ನೀರನ್ನು ಕೈಯಲ್ಲಿ ಮುಟ್ಟಿ ತೀರ್ಮಾನ ಮಾಡಬೇಡಿ. ಪೂಲ್ ಒಳಗೆ ಥರ್ಮಾಮೀಟರ್ ಕಟ್ಟಿ, ದಿನಾ ಒಂದೇ ಹೊತ್ತಿಗೆ ಬರೆದಿಡಿ.

ಜನವರಿ ಬಂದಾಗ ಇನ್ನೊಂದು ತೊಂದರೆ. ರೋಬಸ್ಟಾ ಕೊಯ್ಲು ಶುರುವಾಯಿತು, ಕಣ ಬೇಕು. ಕಾಫಿ ಮುಂದೆ ಪೂಲ್ ಯಾವ ಲೆಕ್ಕ? ಪೈಪನ್ನೆಲ್ಲ ಎತ್ತಿ ಗೋಡೌನ್ ಮಾಡಿನ ಶೀಟ್ ಮೇಲೆ ಹಾಕಿದೆವು. ಆಗಲೇ ಇನ್ನೂ 500 ಮೀಟರ್ ತಂದು ಒಟ್ಟು 40 ಸಾಲು ಮಾಡಿದೆ. ಬಿಸಿಲಿಗೆ ಒಡ್ಡಿದ ಜಾಗ 16 ಚದರ ಮೀಟರ್ ಆಗುತ್ತದೆ. ಪೂಲ್ ಮೇಲ್ಮೈ 28. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ನಮ್ಮಂಥ ಚಳಿ ಊರಿಗೆ ಅರ್ಧಕ್ಕಿಂತ ಕಡಿಮೆ ಮಾಡಿದರೆ ಪ್ರಯೋಜನ ಗೊತ್ತಾಗುವುದಿಲ್ಲ. ಶೀಟಿನ ತೆಂಕಣ ಮಗ್ಗುಲನ್ನೇ ಆರಿಸಿಕೊಳ್ಳಿ, ಚಳಿಗಾಲದ ಸೂರ್ಯ ಆ ಕಡೆಗೆ ವಾಲಿರುತ್ತಾನೆ. ನಮಗೆ ಎರಡು ಸಿಲ್ವರ್ ಓಕ್ ನೆರಳು ಅಡ್ಡ ಇತ್ತು, ಮರಗಸಿ ಮಾಡುವಾಗ ಅವುಗಳ ಕೊಂಬೆ ತೆಗೆಸಿದೆ.

ಶೀಟ್ ಮೇಲೆ ಹೋದ ಮೇಲೆ ಹೊಸ ಪಾಠ. ಪಂಪ್ ನಿಂತಾಗ ನೀರು ಕೆಳಗೆ ಇಳಿಯುತ್ತದೆ, ಮೇಲೆ ಗಾಳಿ ಇಲ್ಲದೆ ಪೈಪು ಹೀರಿಕೊಂಡು ಚಪ್ಪಟೆಯಾಗುತ್ತದೆ. ಬಿಸಿಲಿಗೆ ಮೆತ್ತಗಾದ ಲ್ಯಾಟರಲ್ ಆದ್ದರಿಂದ ಆರು ಸಾಲು ಹಾಗೇ ಅಂಟಿಕೊಂಡವು. ಎತ್ತರದ ಜಾಗದಲ್ಲಿ ಒಂದು ಏರ್ ವಾಲ್ವ್ ಹಾಕಿದ ಮೇಲೆ ಆ ಕಾಟ ನಿಂತಿತು. ಪಂಪ್ ನಿಂತರೆ ಗಾಳಿ ಒಳಗೆ ಬರುತ್ತದೆ, ನೀರೆಲ್ಲ ಪೂಲ್‌ಗೆ ಇಳಿಯುತ್ತದೆ, ಪೈಪು ಖಾಲಿ. ಖಾಲಿ ಆಗುವುದು ಬಹಳ ಮುಖ್ಯ. ಮಾರ್ಚ್ ಬಿಸಿಲಿನಲ್ಲಿ ನಿಂತ ನೀರು ಕೈ ಸುಡುವಷ್ಟು ಕಾಯುತ್ತದೆ. ಒಮ್ಮೆ ಹಾಗೆ ಆಗಿ ಬಿಳಿ ಪಿವಿಸಿ ಜಾಯಿಂಟ್ ಬಿಟ್ಟುಕೊಂಡಿತು. ಈಗ ಬಿಸಿ ತಾಗುವ ಕಡೆಯೆಲ್ಲ ಬಿಸಿ ತಡೆಯುವ ಸಿಪಿವಿಸಿ ಪೈಪು ಹಾಕಿದ್ದೇನೆ. ಪಂಪ್ ಶುರುವಾದ ಮೊದಲ ಐದು ನಿಮಿಷ ನೀರು ಬೀಳುವ ಬಾಯಿಯ ಹತ್ತಿರ ಮಕ್ಕಳನ್ನು ಬಿಡುವುದಿಲ್ಲ.

ಶೀಟಿಗೆ ಪೈಪ್ ಕಟ್ಟಲು ಜಿಐ ತಂತಿ ಬಳಸಬೇಡಿ. ಗಾಳಿಗೆ ಉಜ್ಜಿ ಉಜ್ಜಿ ಪೈಪ್ ಕೊಯ್ಯುತ್ತದೆ. ಹಳೆ ಸೈಕಲ್ ಟ್ಯೂಬ್ ಪಟ್ಟಿ ಮಾಡಿ ಕಟ್ಟಿದ್ದು ಮೂರು ವರ್ಷದಿಂದ ಗಟ್ಟಿಯಾಗಿದೆ. ಅಳಿಲು ಕಡಿಯುವುದಂತೂ ಇದ್ದದ್ದೇ, ಡ್ರಿಪ್ ಮಾಡಿದವರಿಗೆಲ್ಲ ಗೊತ್ತು. ಒಂದು ಚೀಲ ಜಾಯಿನರ್ ಮನೆಯಲ್ಲಿ ಇಟ್ಟುಕೊಂಡಿರಿ. ಕಡಿದ ಜಾಗ ಕತ್ತರಿಸಿ ಜಾಯಿನರ್ ತೂರಿಸಿದರೆ ಹತ್ತು ನಿಮಿಷದ ಕೆಲಸ.

ಪಂಪ್ ವಿಷಯ. ಮೊದಲ ಚಳಿಗಾಲ 1 ಎಚ್‌ಪಿ ಫಿಲ್ಟರ್ ಪಂಪನ್ನೇ ದಿನಕ್ಕೆ 6 ಗಂಟೆ ಓಡಿಸಿದೆ, ಸುಮಾರು 5 ಯೂನಿಟ್ ಹೋಗುತ್ತಿತ್ತು. ಕರೆಂಟ್ ಹೋದರೆ ನಿಲ್ಲುತ್ತಿತ್ತು, ಮೋಡ ಬಂದರೂ ಸುಮ್ನೆ ಓಡುತ್ತಿತ್ತು. ಎರಡನೇ ವರ್ಷ 335 ವ್ಯಾಟ್‌ನ ಎರಡು ಸೋಲಾರ್ ಪ್ಯಾನೆಲ್ ತಂದು ಅದರಿಂದ ನೇರವಾಗಿ ಓಡುವ ಡಿಸಿ ಪಂಪ್ ಹಾಕಿದೆ. ಬ್ಯಾಟರಿ ಇಲ್ಲ, ಇನ್ವರ್ಟರ್ ಇಲ್ಲ. ಬಿಸಿಲು ಬಂದರೆ ತಾನಾಗಿ ಶುರು, ಮೋಡ ಬಂದರೆ ನಿಧಾನ, ಸಂಜೆ ತಾನಾಗಿ ನಿಲ್ಲುತ್ತದೆ. ಪೈಪಿಗೆ ಬಿಸಿ ಸಿಗುವ ಹೊತ್ತೂ ಪಂಪಿಗೆ ಶಕ್ತಿ ಸಿಗುವ ಹೊತ್ತೂ ಒಂದೇ ಅಲ್ವಾ! ಈ ಇಡೀ ವ್ಯವಸ್ಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಪ್ಯಾನೆಲ್ ಮತ್ತು ಪಂಪಿಗೆ ನನಗೆ ಬಿದ್ದ ಖರ್ಚು 31,000. ಪೈಪು, ವಾಲ್ವು, ಫಿಟ್ಟಿಂಗ್ ಎಲ್ಲ ಸೇರಿ 15,500. ಪೈಪಿಗೆ ಹೋಗುವ ನೀರು ಮಾತ್ರ ಒಂದು ಜಾಲರಿ ಫಿಲ್ಟರ್ ದಾಟಿಯೇ ಹೋಗಬೇಕು, ಇಲ್ಲದಿದ್ದರೆ ಎಲೆ ಚೂರು ಕೂತು ಸಾಲು ಕಟ್ಟಿಕೊಳ್ಳುತ್ತದೆ.

ಇನ್ನು ಹೊದಿಕೆ. ನಿಜ ಹೇಳಬೇಕೆಂದರೆ ಕೆಲಸ ಇಲ್ಲಿಂದಲೇ ಶುರುವಾಗಬೇಕಿತ್ತು. ಪೈಪಿನ ಹಿಂದೆ ಎರಡು ವರ್ಷ ಬಿದ್ದೆ. ಹಗಲು ಏರಿದ ಬಿಸಿ ರಾತ್ರಿ ಎಲ್ಲಿಗೆ ಹೋಗುತ್ತದೆ ಎಂದು ನೋಡಲೇ ಇಲ್ಲ. ಪೂಲ್ ಬಿಸಿ ಕಳೆದುಕೊಳ್ಳುವುದರಲ್ಲಿ ದೊಡ್ಡ ಪಾಲು ನೀರು ಆವಿಯಾಗುವುದರಿಂದ. ನಮ್ಮ ಪೂಲ್‌ನಲ್ಲಿ ನೀರಿನ ಮಟ್ಟ ಒಂದೇ ಒಂದು ಮಿಲಿಮೀಟರ್ ಇಳಿದರೆ 28 ಲೀಟರ್ ಆವಿಯಾದ ಹಾಗೆ. ಆ 28 ಲೀಟರ್ ತನ್ನ ಜೊತೆ ಸುಮಾರು 19 ಯೂನಿಟ್ ಬಿಸಿ ಎತ್ತಿಕೊಂಡು ಹೋಗುತ್ತದೆ. ಇಡೀ ಪೂಲ್ ಅರ್ಧ ಡಿಗ್ರಿ ತಣ್ಣಗಾಗುತ್ತದೆ. ಡಿಸೆಂಬರ್‌ನ ಒಣ ಗಾಳಿಗೆ ದಿನಕ್ಕೆ ಮೂರು, ನಾಲ್ಕು ಮಿಲಿಮೀಟರ್ ಇಳಿಯುತ್ತಿತ್ತು. 40 ಸಾಲು ಪೈಪು ಇಡೀ ದಿನ ದುಡಿದು ಕೊಡುವುದು ಒಂದೂಕಾಲು ಡಿಗ್ರಿ. ತೂತಿನ ಕೊಡಕ್ಕೆ ನೀರು ಹೊತ್ತಂತೆ ಆಗುತ್ತಿತ್ತು.

ಮೊದಲು ಹಾಕಿದ್ದು ಕಾಫಿ ಮುಚ್ಚುವ ನೀಲಿ ಟಾರ್ಪಾಲ್. ರಾತ್ರಿಗೆ ಒಳ್ಳೆಯದು, ಆದರೆ ಹಗಲೂ ಹಾಗೇ ಮುಚ್ಚಿಟ್ಟರೆ ಬಿಸಿಲನ್ನೂ ತಡೆಯುತ್ತದೆ. ಪೂಲ್ ತಾನೇ 28 ಚದರ ಮೀಟರ್ ಬಿಸಿಲು ಕುಡಿಯುತ್ತದೆ, ಶೀಟ್ ಮೇಲಿನ ಪೈಪಿಗಿಂತ ಜಾಸ್ತಿ ಎನ್ನುವುದು ಆಗ ನನ್ನ ತಲೆಗೆ ಹೋಗಿರಲಿಲ್ಲ. ಆಮೇಲೆ ಬಬಲ್ ಶೀಟ್ ತಂದೆ. ಗುಳ್ಳೆ ಇರುವ, ಬೆಳಕು ದಾಟುವ ಪ್ಲಾಸ್ಟಿಕ್. ಗುಳ್ಳೆ ಕೆಳಗೆ ಮಾಡಿ ನೀರಿನ ಮೇಲೆ ತೇಲಿಬಿಡಬೇಕು. ಬಿಸಿಲು ಒಳಗೆ ಹೋಗುತ್ತದೆ, ಆವಿ ಹೊರಗೆ ಬರುವುದಿಲ್ಲ. 9,000 ರೂಪಾಯಿ ಆಯಿತು. ನಾನು ಹಾಕಿದ ದುಡ್ಡಿನಲ್ಲಿ ಇದರಷ್ಟು ಕೆಲಸ ಮಾಡಿದ್ದು ಇನ್ನೊಂದಿಲ್ಲ.

ನನ್ನ ಪುಸ್ತಕದಲ್ಲಿ ಬರೆದಿಟ್ಟ ಅಂಕಿ ಹೇಳುತ್ತೇನೆ. ಏನೂ ಇಲ್ಲದಾಗ ಡಿಸೆಂಬರ್ ಬೆಳಿಗ್ಗೆ 19. ಶೀಟ್ ಮೇಲೆ 40 ಸಾಲು ಪೈಪು ಇದ್ದು ಹೊದಿಕೆ ಇಲ್ಲದಾಗ 21. ಪೈಪ್ ರಿಪೇರಿಗೆ ಬಿಚ್ಚಿದ್ದ ಎರಡು ವಾರ ಬಬಲ್ ಶೀಟ್ ಮಾತ್ರ ಇತ್ತು, ಆಗ 22ರಿಂದ 23. ಎರಡೂ ಸೇರಿದರೆ ಬೆಳಿಗ್ಗೆ 25, ಮಧ್ಯಾಹ್ನ 26ರಿಂದ 27. ಮಾರ್ಚ್‌ನಲ್ಲಿ 30 ದಾಟುತ್ತದೆ, ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದರೆ ಎರಡು ದಿನ ಕೆಳಗೆ ಬಂದು ಮತ್ತೆ ಏರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದರಿಂದ ಏನನ್ನೂ ನಿರೀಕ್ಷಿಸಬೇಡಿ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಯಾವ ಸೋಲಾರೂ ಪೂಲ್ ಕಾಯಿಸುವುದಿಲ್ಲ. ನಾನು ಮಳೆ ಹಿಡಿಯುವ ಮೊದಲೇ ಪೈಪು ಖಾಲಿ ಮಾಡಿ, ಬಬಲ್ ಶೀಟ್ ತೊಳೆದು ಸುತ್ತಿ, ಗೋಡೌನ್ ಒಳಗೆ ಇಡುತ್ತೇನೆ.

ಹೊದಿಕೆ ಬಗ್ಗೆ ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ. ತೇಲುವ ಶೀಟ್ ನೆಲದ ಹಾಗೆ ಕಾಣುತ್ತದೆ. ಸಣ್ಣ ಮಗು ಅದರ ಮೇಲೆ ಕಾಲಿಟ್ಟರೆ ಶೀಟ್ ಮಡಚಿಕೊಂಡು ಮಗುವಿನ ಮೇಲೆ ಮುಚ್ಚಿಕೊಳ್ಳುತ್ತದೆ. ಮೇಲಿನಿಂದ ಏನೂ ಕಾಣುವುದಿಲ್ಲ. ಅರ್ಧ ಸರಿಸಿ ಈಜುವುದೂ ಅಷ್ಟೇ ಅಪಾಯ. ನಮ್ಮ ಮನೆಯಲ್ಲಿ ಪೂರ್ತಿ ತೆಗೆದ ಮೇಲೆಯೇ ನೀರಿಗೆ ಇಳಿಯುವುದು. ಸುತ್ತ ಬೇಲಿ, ಗೇಟಿಗೆ ಬೀಗ. ಬೆಳಿಗ್ಗೆ ಶೀಟ್ ಎಳೆಯುವಾಗ ಮೊದಲು ಕೋಲಿನಿಂದ ತಟ್ಟುತ್ತೇವೆ, ಕೆಳಗೆ ಬೆಚ್ಚಗಿರುವುದರಿಂದ ಕಪ್ಪೆ ಬರುತ್ತವೆ, ಕಪ್ಪೆ ಹಿಂದೆ ಹಾವೂ ಬರುತ್ತದೆ.

ನೀರು ಬೆಚ್ಚಗಾದರೆ ಪಾಚಿಗೂ ಖುಷಿ. ಕ್ಲೋರಿನ್ ಬೇಗ ಖರ್ಚಾಗುತ್ತದೆ. ವಾರಕ್ಕೆ ಒಮ್ಮೆ ನೋಡುತ್ತಿದ್ದವನು ಈಗ ದಿನ ಬಿಟ್ಟು ದಿನ ಟೆಸ್ಟ್ ಕಿಟ್ ಹಿಡಿಯುತ್ತೇನೆ. ಕ್ಲೋರಿನ್ 1ರಿಂದ 3 ಪಿಪಿಎಂ (ಲೀಟರ್‌ಗೆ ಮಿಲಿಗ್ರಾಂ), ನೀರಿನ ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 7.2ರಿಂದ 7.6 ಒಳಗೆ ಇಟ್ಟುಕೊಳ್ಳುತ್ತೇನೆ. ಜಾಸ್ತಿ ಡೋಸ್ ಹಾಕಿದ ರಾತ್ರಿ ಶೀಟ್ ಮುಚ್ಚಬೇಡಿ. ನನ್ನ ಮೊದಲ ಬಬಲ್ ಶೀಟ್ ಎರಡೇ ವರ್ಷಕ್ಕೆ ಗರಿಗರಿಯಾಗಿ ಗುಳ್ಳೆ ಒಡೆದು ಉದುರಿದ್ದಕ್ಕೆ ಬಿಸಿಲು ಅರ್ಧ ಕಾರಣ, ಆ ಕ್ಲೋರಿನ್ ಅರ್ಧ ಕಾರಣ. ತಾಮ್ರದ ಪೈಪ್ ಹಾಕಿದರೆ ಬಿಸಿ ಚೆನ್ನಾಗಿ ಹಿಡಿಯುತ್ತದೆ ಎಂದು ಒಬ್ಬರು ಪ್ಲಂಬರ್ ಒತ್ತಾಯ ಮಾಡಿದ್ದರು. ಪೂಲ್ ನೀರಿನ ಪಿಎಚ್ ಇಳಿದರೆ ತಾಮ್ರ ಕರಗಿ ಗೋಡೆಗೆ ಹಸಿರು ಕಲೆ ಹಿಡಿಯುತ್ತದೆ. ಇಷ್ಟು ಕಡಿಮೆ ಬಿಸಿಗೆ ಪ್ಲಾಸ್ಟಿಕ್ ಪೈಪೇ ಸಾಕು.

ಮತ್ತೆ ಮೊದಲಿನಿಂದ ಮಾಡುವುದಾದರೆ ನಾನು ಬಬಲ್ ಶೀಟ್ ಒಂದನ್ನೇ ತಂದು ಒಂದು ಚಳಿಗಾಲ ಕಳೆಯುತ್ತಿದ್ದೆ. ಮಕ್ಕಳು ಆಡುವುದಕ್ಕಷ್ಟೇ ಪೂಲ್ ಬೇಕು ಅನ್ನುವವರಿಗೆ 23 ಡಿಗ್ರಿ ಸಾಕಾಗಬಹುದು, ಪೈಪಿನ ಖರ್ಚೇ ಉಳಿಯುತ್ತದೆ. ಮನೆ ಸುತ್ತ ದಟ್ಟ ನೆರಳು ಇರುವವರು, ಮರ ಕಡಿಯುವ ಮನಸ್ಸಿಲ್ಲದವರು ಪೈಪಿಗೆ ಕೈ ಹಾಕಬೇಡಿ. ನಮಗೆ ಮಾತ್ರ ಆ ಮೇಲಿನ ಮೂರು, ನಾಲ್ಕು ಡಿಗ್ರಿ ಬೇಕೇ ಬೇಕಿತ್ತು.

ಅಮ್ಮನಿಗೆ 26 ಆಗಬೇಕು. 25 ಇದ್ದರೆ ಮೆಟ್ಟಿಲ ಮೇಲೆ ಕೂತು ಕಾಲು ಮಾತ್ರ ಬಿಡುತ್ತಾರೆ. ಈ ಚಳಿಗಾಲ ಪುತ್ತರಿ ಹಬ್ಬ ಕಳೆದ ಮೇಲೆ ಅವರೇ 11 ಗಂಟೆಗೆ ಥರ್ಮಾಮೀಟರ್ ಎತ್ತಿ ನೋಡುತ್ತಿದ್ದರು, "ಮಗ, ಶೀಟ್ ತೆಗಿ" ಎಂದು ಅಡುಗೆಮನೆ ಕಡೆ ಕೂಗುತ್ತಿದ್ದರು. ಕಂಬಿ ಹಿಡಿದು ಈ ತುದಿಯಿಂದ ಆ ತುದಿಗೆ 20 ಸಲ ನಡೆಯುತ್ತಾರೆ. ಎರಡನೇ ಬಬಲ್ ಶೀಟಿನ ಅಂಚು ಈಗ ಬಿಡಲು ಶುರುವಾಗಿದೆ. ಮಳೆ ಮುಗಿಯುವ ಮೊದಲೇ ಹೊಸದು ತರಿಸಬೇಕು, ಈ ಸಲ ಇನ್ನೂ ದಪ್ಪದ್ದು.