ನಾಂತ್–ಬ್ರೆಸ್ಟ್ ಕಾಲುವೆಯ ದಂಡೆಯಲ್ಲಿ ಸೈಕಲ್: ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು

ಫ್ರಾನ್ಸಿನ ವಾಯವ್ಯ ಮೂಲೆಯಲ್ಲಿರುವ ಬ್ರಿಟನಿಯ ಒಳನಾಡನ್ನು ಹಾದುಹೋಗುವ ನಾಂತ್–ಬ್ರೆಸ್ಟ್ ಕಾಲುವೆಯ ದಂಡೆಯ ದಾರಿ, ಮೋಟಾರು ವಾಹನಗಳ ಕಾಟವಿಲ್ಲದೆ ಹಳ್ಳಿಗಾಡಿನಲ್ಲಿ ಸೈಕಲ್ ತುಳಿಯಬಯಸುವವರಿಗೆ ನಾನು ಕಣ್ಣುಮುಚ್ಚಿ ಶಿಫಾರಸು ಮಾಡುವ ದಾರಿ. ಆದರೆ ಕಾಲುವೆಯ ಒಟ್ಟು 364 ಕಿ.ಮೀ. ಉದ್ದವನ್ನೂ ಬಿಡದೆ ಮುಗಿಸಿಯೇ ತೀರುತ್ತೇನೆಂದು ಹೊರಟವರಿಗೆ ಈ ಶಿಫಾರಸು ಅನ್ವಯಿಸುವುದಿಲ್ಲ. ಇಲ್ಲಿ ಯಾವ ಭಾಗವನ್ನು ಆರಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ಗೊತ್ತಿದ್ದರೆ ಪ್ರಯಾಣದ ಸುಖವೇ ಬೇರೆ.

ದಾರಿ ಇಷ್ಟು ನಿರಾತಂಕವಾಗಿರುವುದಕ್ಕೆ ಕಾರಣ ಅದರ ಹುಟ್ಟಿನಲ್ಲೇ ಇದೆ. ಇಂಗ್ಲಿಷ್ ನೌಕಾಪಡೆ ಕರಾವಳಿಯನ್ನು ಕಾಯುತ್ತಿದ್ದ ಕಾಲದಲ್ಲಿ ಬ್ರೆಸ್ಟ್ ಬಂದರಿಗೆ ಸಮುದ್ರವನ್ನು ಮುಟ್ಟದೆಯೇ ಸರಕು ತಲುಪಿಸಬೇಕೆಂದು ನೆಪೋಲಿಯನ್ ಬಯಸಿದ. 1811ರಲ್ಲಿ ಅಗೆತ ಆರಂಭವಾಯಿತು. ಕಾಲುವೆ ಪೂರ್ಣಗೊಂಡದ್ದು 1842ರಲ್ಲಿ, ಆ ಯುದ್ಧಗಳೆಲ್ಲ ಮುಗಿದು ಎಷ್ಟೋ ವರ್ಷಗಳ ಮೇಲೆ. ದೋಣಿಗಳಿಗೆ ಹಗ್ಗ ಕಟ್ಟಿ ದಂಡೆಯ ಮೇಲಿಂದ ಎಳೆಯುತ್ತಿದ್ದ ಕುದುರೆಗಳಿಗೂ ಮನುಷ್ಯರಿಗೂ ಅಡೆತಡೆಯಿಲ್ಲದ, ಸಮತಟ್ಟಾದ ದಾರಿ ಬೇಕಾಗಿತ್ತಾದ್ದರಿಂದ, ಊರ ರಸ್ತೆಗಳು ಬಹುತೇಕ ಸೇತುವೆಗಳ ಮೇಲೆ ಕಾಲುವೆಯನ್ನು ದಾಟುತ್ತವೆ, ದಂಡೆಯ ದಾರಿ ಅವುಗಳ ಕೆಳಗೆ ನುಸುಳಿ ಮುಂದುವರಿಯುತ್ತದೆ. ಇಂದು ಅಲ್ಲಿ ಓಡಾಡುವ ಮೋಟಾರು ವಾಹನವೆಂದರೆ ಅಪರೂಪಕ್ಕೊಮ್ಮೆ ಎದುರಾಗುವ ಕಾಲುವೆ ಸಿಬ್ಬಂದಿಯ ಗಾಡಿ ಮಾತ್ರ. ನಿಜವಾಗಿ ಎಚ್ಚರದಿಂದಿರಬೇಕಾದದ್ದು ಮೀನು ಹಿಡಿಯುವವರ ವಿಚಾರದಲ್ಲಿ. ಅವರ ಉದ್ದನೆಯ ಗಾಳದ ಕೋಲುಗಳು ಕೆಲವೊಮ್ಮೆ ದಾರಿಗೆ ಅಡ್ಡಲಾಗಿ ಚಾಚಿಕೊಂಡಿರುತ್ತವೆ. ದೂರದಿಂದಲೇ ಗಂಟೆ ಬಾರಿಸಿ, ಹತ್ತಿರ ಬಂದಾಗ 'ಬೋಂಜೂರ್' ಎಂದರೆ ಸಾಕು, ಕೋಲು ಮೇಲೇಳುತ್ತದೆ.

ದಾರಿಯ ಮೈ ಬಹುಪಾಲು ಸಣ್ಣ ಜಲ್ಲಿ ಮತ್ತು ಮರಳನ್ನು ಹಾಕಿ ಗಟ್ಟಿಯಾಗಿ ಅದುಮಿದ ಗರಸು. ಒಣ ಹವೆಯಲ್ಲಿ ಇದು ಡಾಂಬರಿಗಿಂತ ತುಸು ನಿಧಾನ, ಆದರೆ ಸೊಂಟಕ್ಕೂ ಮಣಿಕಟ್ಟಿಗೂ ಹಿತ. ಜಲ್ಲಿ ದಾರಿಗೆಂದೇ ಮಾಡಿದ ದುಬಾರಿ ಗ್ರ್ಯಾವೆಲ್ ಬೈಕ್ ಇರಲೇಬೇಕೆಂದಿಲ್ಲ. 35ರಿಂದ 40 ಮಿ.ಮೀ. ಅಗಲದ ಟೈರು ಹಿಡಿಸುವ ಯಾವ ಗಟ್ಟಿಮುಟ್ಟಾದ ಸೈಕಲ್ಲಾದರೂ ನಡೆಯುತ್ತದೆ. ಮಳೆ ಬಂದಾಗ ಮಾತ್ರ ಚಿತ್ರ ಬದಲಾಗುತ್ತದೆ, ಮತ್ತು ಬ್ರಿಟನಿಯಲ್ಲಿ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಯಾವ ಯೋಜನೆಯನ್ನೂ ಹಾಕುವಂತಿಲ್ಲ. ನೆನೆದ ಗರಸು ನುಣ್ಣನೆಯ ರಾಡಿಯಾಗಿ ಚೈನಿಗೂ ಬ್ರೇಕ್ ಪ್ಯಾಡಿಗೂ ಮೆತ್ತಿಕೊಂಡು ಮರಳುಕಾಗದದಂತೆ ಅವನ್ನು ಉಜ್ಜುತ್ತದೆ, ಸೇತುವೆಗಳ ಅಡಿಯ ಇಕ್ಕಟ್ಟಿನಲ್ಲಿ ಕೆಸರು ನಿಲ್ಲುತ್ತದೆ. ಮಡ್‌ಗಾರ್ಡ್, ಚೈನಿಗೆ ಹಾಕುವ ಎಣ್ಣೆ, ಹೆಚ್ಚುವರಿ ಬ್ರೇಕ್ ಪ್ಯಾಡ್ ಇವು ಮೂರೂ ಚೀಲದಲ್ಲಿ ಇರಲೇಬೇಕು.

ಈಗ ಆಯ್ಕೆಯ ಮಾತಿಗೆ ಬರೋಣ. ನಾಂತ್ ನಗರದಿಂದಲೇ ಸೈಕಲ್ ಹತ್ತುವುದರಲ್ಲಿ ಅರ್ಥವಿಲ್ಲ. ಮೊದಲ ಭಾಗದಲ್ಲಿ ದೋಣಿಗಳು ಎರ್ದ್ರ್ ನದಿಯಲ್ಲೇ ಸಾಗುವುದರಿಂದ ಅಲ್ಲಿ ದೋಣಿ ಎಳೆಯುವ ದಂಡೆಯ ದಾರಿಯೇ ಇಲ್ಲ, ಸೈಕಲ್ಲಿನವರು ಸಣ್ಣ ರಸ್ತೆಗಳನ್ನು ಹಿಡಿಯಬೇಕಾಗುತ್ತದೆ. ನಾಂತ್‌ನಿಂದ ನೋರ್-ಸ್ಯುರ್-ಎರ್ದ್ರ್ ಊರಿಗೆ ಟ್ರ್ಯಾಮ್-ರೈಲು ಇದೆ. ಅಗೆದು ಮಾಡಿದ ಕಾಲುವೆ ಶುರುವಾಗುವುದು ಆ ಊರಿನ ಸಮೀಪದಲ್ಲೇ. ಅಲ್ಲಿಂದ ಬ್ಲಾಂ ಮೂಲಕ ರೆದೋಂವರೆಗಿನ ಹಾದಿ ಸಲೀಸು, ಸಪಾಟು, ಮತ್ತು ಹೇಳಿಬಿಡುವುದೇ ಒಳ್ಳೆಯದು, ಬೇಸರದ್ದು. ಒಂದೇ ಬಗೆಯ ಮರಸಾಲು, ಒಂದೇ ಬಣ್ಣದ ನೀರು, ಗಂಟೆಗಟ್ಟಲೆ ಬದಲಾಗದ ಗೇರು.

ರೆದೋಂ ದಾಟಿ ಊಸ್ಟ್ ನದಿಯ ಕಣಿವೆಗೆ ಬಂದೊಡನೆ ದಾರಿಗೆ ಜೀವ ಬರುತ್ತದೆ. ನದಿ ಬಂಡೆಗಳ ನಡುವೆ ಇಕ್ಕಟ್ಟಾಗುವ ಈಲ್-ಒ-ಪೀ, ಹಳೆಯ ಮನೆಗಳು ನೀರಿಗೆ ಅಂಟಿಕೊಂಡಿರುವ ಮಾಲೆತ್ರ್ವಾ, ಆಮೇಲೆ ಜೋಸ್ಲಾಂ. ಜೋಸ್ಲಾಂನಲ್ಲಿ ರೊಆಂ ಮನೆತನದ ಕೋಟೆಯ ಮೂರು ದುಂಡನೆಯ ಗೋಪುರಗಳು ನೀರಿನ ಅಂಚಿನಿಂದ ನೆಟ್ಟಗೆ ಮೇಲೆದ್ದಿವೆ. ಅವನ್ನು ನೋಡಲು ಕಾಲುವೆಯ ದಂಡೆಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಮಕ್ಕಳೊಂದಿಗೆ ಹೋಗುವವರು, ಮೊದಲ ಬಾರಿ ಸಾಮಾನು ಹೊತ್ತು ಸೈಕಲ್ ತುಳಿಯುವವರು ರೆದೋಂ ಮತ್ತು ಜೋಸ್ಲಾಂ ನಡುವಿನ ಭಾಗವನ್ನೇ ಆರಿಸಿಕೊಳ್ಳಲಿ.

ಪಳಗಿದವರಿಗೆ ನನ್ನ ಆಯ್ಕೆ ಇನ್ನೂ ಪಶ್ಚಿಮದ್ದು. ರೊಆಂ ಊರಿನಿಂದ ಪೋಂತಿವಿಯ ಕಡೆಗೆ ಲಾಕ್‌ಗಳು, ಅಂದರೆ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಬಾಗಿಲುಳ್ಳ ನೀರಿನ ಕೋಣೆಗಳು, ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಪ್ರತಿ ಲಾಕಿನ ಪಕ್ಕ ಒಂದು ಪುಟ್ಟ ಏರು, ಒಂದು ಕಲ್ಲಿನ ಮನೆ. ಕಾಲುವೆ ಇಲ್ಲಿ ಎರಡು ನದಿಗಳ ನಡುವಿನ ದಿಣ್ಣೆಯನ್ನು ದಾಟುತ್ತದೆ; ಆ ನೆತ್ತಿಯ ಇಲ್ವೆರ್ನ್ ಭಾಗಕ್ಕೆ ನೀರು ಒದಗಿಸಲು, ಗುಡ್ಡಗಳ ಮಗ್ಗುಲಲ್ಲಿ ಬಳಸಿ ಬಳಸಿ ಬರುವ 60 ಕಿ.ಮೀ.ಗೂ ಮೀರಿದ ಸಣ್ಣ ಕಾಲುವೆಯೊಂದನ್ನು ತೋಡಿದ್ದರು. ನಮ್ಮ ಕಡೆ ನೀರು ಗದ್ದೆಗೆ ಹೋಗುವುದನ್ನು ನೋಡಿ ಬೆಳೆದವರಿಗೆ, ಬರಿಯ ದೋಣಿ ತೇಲಿಸಲು ಇಷ್ಟು ದೂರದಿಂದ ನೀರು ತಂದ ಈ ಸಾಹಸ ಬೆರಗು ಹುಟ್ಟಿಸುತ್ತದೆ.

ಪೋಂತಿವಿಯ ಆಚೆ ಗೆರ್ಲೆದಾಂ ಸರೋವರ. 1930ರಲ್ಲಿ ಮುಗಿದ ವಿದ್ಯುತ್ ಅಣೆಕಟ್ಟು ಕಾಲುವೆಯ 17 ಲಾಕ್‌ಗಳನ್ನು ಮುಳುಗಿಸಿ ನಾಂತ್‌ಗೂ ಬ್ರೆಸ್ಟ್‌ಗೂ ಇದ್ದ ಜಲಮಾರ್ಗವನ್ನು ಶಾಶ್ವತವಾಗಿ ತುಂಡರಿಸಿತು. ದುರಸ್ತಿಗೆಂದು 2015ರಲ್ಲಿ ಸರೋವರವನ್ನು ಖಾಲಿ ಮಾಡಿದಾಗ ಹಳೆಯ ಲಾಕ್‌ಗಳು ಮೇಲೆದ್ದು, ನೋಡಲು ಜನಸಾಗರವೇ ಸೇರಿತ್ತು. ದಂಡೆಯ ದಾರಿಯೂ ಮುಳುಗಿರುವುದರಿಂದ ಸೈಕಲ್ಲಿನವರು ಇಲ್ಲಿ ಪಕ್ಕದ ಹಳೆಯ ಮೀಟರ್ ಗೇಜ್ ರೈಲಿನ ಜಾಡನ್ನು ಹಿಡಿಯಬಹುದು; ಕಂಬಿ ಕಿತ್ತು ಗರಸು ಹಾಸಿದ ಆ ಜಾಡು ಕಾಡಿನ ನೆರಳಿನಲ್ಲಿ ಸಾಗುತ್ತದೆ. ಬೋಂ-ರೆಪೊ ಮಠದ ಬಳಿ ಮತ್ತೆ ಕಾಲುವೆ ಸಿಗುತ್ತದೆ. ಅಲ್ಲಿಂದ ಕಾರೆವರೆಗೆ ದೋಣಿಗಳ ಸುಳಿವಿಲ್ಲ, ಪ್ರವಾಸಿಗರೂ ಕಡಿಮೆ. ಈ ನಡುವೆಯೇ ಗ್ಲೊಮೆಲ್‌ನ 'ದೊಡ್ಡ ಕಂದಕ' ಇದೆ: ಕಾಲುವೆಯ ಅತಿ ಎತ್ತರದ ಜಾಗದಲ್ಲಿ, 1823ರಿಂದ 1832ರವರೆಗೆ, ಬ್ರೆಸ್ಟ್ ಸೆರೆಮನೆಯಿಂದ ತಂದ ಕೈದಿಗಳಿಂದ ಗುದ್ದಲಿಯಲ್ಲಿ ಅಗೆಸಿದ ಕೊರಕಲು. ಸೈಕಲ್ಲಿನಿಂದ ಇಳಿದು ನಡೆದೇ ದಾಟಬೇಕಾದ ಜಾಗ ಅದು. ಅಲ್ಲಿ ವೇಗವಾಗಿ ಸಾಗಿದವರಿಗೆ ಕಾಣುವುದು ಮರಗಳಿಂದ ಮುಚ್ಚಿದ ಆಳವಾದ ಹಳ್ಳ ಮಾತ್ರ.

ಊಟದ ವಿಚಾರದಲ್ಲಿ ಈ ದಾರಿಗೆ ಹೆಚ್ಚು ಅಂಕ ಕೊಡಲಾರೆ. ಹಳ್ಳಿಯ ಹೋಟೆಲುಗಳ ಅಡುಗೆಮನೆ ಮಧ್ಯಾಹ್ನ ಎರಡಕ್ಕೆಲ್ಲ ಮುಚ್ಚುತ್ತದೆ, ಭಾನುವಾರ ಮಧ್ಯಾಹ್ನದಿಂದ ಸೋಮವಾರದವರೆಗೆ ಬ್ರೆಡ್ ಅಂಗಡಿಯೂ ತೆರೆದಿರುವ ಭರವಸೆಯಿಲ್ಲ. ಕೈಹಿಡಿಯುವುದು ಗ್ಯಾಲೆತ್: ಹುರುಳಿಯೂ ಅಲ್ಲದ ಗೋದಿಯೂ ಅಲ್ಲದ ಬಕ್‌ವೀಟ್ ಹಿಟ್ಟಿನ, ಕಪ್ಪು ಛಾಯೆಯ ತೆಳು ರೊಟ್ಟಿ. ಸಸ್ಯಾಹಾರಿಗಳು ಹಂದಿಮಾಂಸ ಬೇಡವೆಂದು ಹೇಳಿದರಷ್ಟೇ ಸಾಲದು. ಕಾವಲಿಗೆ ಹಂದಿಯ ಕೊಬ್ಬು ಸವರುವ ಸಂಪ್ರದಾಯ ಅಲ್ಲಲ್ಲಿ ಇನ್ನೂ ಇರುವುದರಿಂದ ಬೆಣ್ಣೆಯಲ್ಲಿ ಬೇಯಿಸಿಕೊಡುವಂತೆ ಮೊದಲೇ ಕೇಳಿಕೊಳ್ಳಬೇಕು. ಕುಡಿಯುವ ನೀರಿಗೆ ಫ್ರಾನ್ಸಿನ ಸೈಕಲ್ ಸವಾರರು ಊರ ಸ್ಮಶಾನದ ನಲ್ಲಿಯನ್ನು ನೆಚ್ಚುತ್ತಾರೆ. ನಮ್ಮವರಿಗೆ ಮೊದಲು ಮುಜುಗರವಾಗಬಹುದು. ಬಿಸಿಲು ಏರಿದ ಮೇಲೆ ಆಗುವುದಿಲ್ಲ.

ದಿಕ್ಕಿನ ಪ್ರಶ್ನೆಗೆ ಉತ್ತರ ಸುಲಭ: ಗಾಳಿ ಹೆಚ್ಚಾಗಿ ಅಟ್ಲಾಂಟಿಕ್ ಕಡೆಯಿಂದ ಬೀಸುವುದರಿಂದ ಪಶ್ಚಿಮದಿಂದ ಪೂರ್ವಕ್ಕೆ ಬರುವುದು ಮೇಲು. ಕಾರೆ ಊರಿಗೆ ಗ್ಯಾಂಗಾಂ ಕಡೆಯಿಂದ ಸಣ್ಣ ರೈಲು ಇದೆ, ರೆದೋಂ ದೊಡ್ಡ ಜಂಕ್ಷನ್; ಇವೆರಡರ ನಡುವಿನ ಹಾದಿಯಲ್ಲಿ ಮೇಲೆ ಹೊಗಳಿದ್ದೆಲ್ಲವೂ ಸಿಕ್ಕುತ್ತದೆ. ಪೋಂತಿವಿಗೆ ಪ್ರಯಾಣಿಕರ ರೈಲಿಲ್ಲ, ಹಾಗಾಗಿ ನಡುವೆ ಕೈಚೆಲ್ಲಿ ರೈಲು ಹತ್ತುವ ಆಸೆ ಇಟ್ಟುಕೊಳ್ಳಬಾರದು. ಪ್ಯಾರಿಸ್‌ಗೆ ಮರಳುವ ಟಿಜಿವಿ ಎಂಬ ಅತಿವೇಗದ ರೈಲಿನಲ್ಲಿ ಬಿಚ್ಚದ ಸೈಕಲ್ಲಿಗೆ ಮುಂಗಡವಾಗಿ ಜಾಗ ಕಾದಿರಿಸಬೇಕು, ಬೇಸಿಗೆಯಲ್ಲಿ ಆ ಜಾಗಗಳು ಬೇಗನೆ ತುಂಬುತ್ತವೆ. ಸಿಗದಿದ್ದರೆ ಚಕ್ರ ಕಳಚಿ ಚೀಲಕ್ಕೆ ಹಾಕಿಕೊಂಡು ಹತ್ತಬಹುದು.