ಹ್ಯಾಂಗರಿನ ಬೆಂಕಿ ರಕ್ಷಣೆ: ಫೋಮ್ ಡೆಲ್ಯೂಜೋ, ನೀರಿನ ಸ್ಪ್ರಿಂಕ್ಲರೋ?

ವಿಮಾನ ದುರಸ್ತಿಯ ಹ್ಯಾಂಗರುಗಳಲ್ಲಿ ಫೋಮ್ ಡೆಲ್ಯೂಜ್ (ಬೆಂಕಿ ನಂದಿಸುವ ನೊರೆಯನ್ನು ಒಮ್ಮೆಗೇ ಎಲ್ಲೆಡೆ ಸುರಿಸುವ ವ್ಯವಸ್ಥೆ), ನೀರಿನ ಸ್ಪ್ರಿಂಕ್ಲರ್ ಎರಡರ ಉಸ್ತುವಾರಿಯನ್ನೂ ನೋಡಿಕೊಂಡಿದ್ದೇನೆ. ವರ್ಷಗಟ್ಟಲೆ ನಂಬಬಹುದಾದದ್ದು ಯಾವುದೆಂದು ಕೇಳಿದರೆ, ಕೊಳವೆಯಲ್ಲಿ ಸದಾ ನೀರು ತುಂಬಿರುವ, ಮುಚ್ಚಿದ ಹೆಡ್‌ಗಳ (ನೀರು ಸಿಂಪಡಿಸುವ ಮೂತಿಗಳ) ಸ್ಪ್ರಿಂಕ್ಲರನ್ನೇ ಹೇಳುತ್ತೇನೆ.

ನೆಲದ ಮೇಲೆ ಹರಡಿದ ಇಂಧನದ ಬೆಂಕಿಯನ್ನು ಬೇಗ ಅಡಗಿಸುವುದರಲ್ಲಿ ಫೋಮಿನದೇ ಮೇಲುಗೈ. ಸ್ಪ್ರಿಂಕ್ಲರಿನಲ್ಲಾದರೆ ಎತ್ತರದ ಛಾವಣಿಯ ಹೆಡ್‌ಗೆ ಕಾವು ಮುಟ್ಟಲು ಹೊತ್ತು ಹಿಡಿಯುತ್ತದೆ. ಆದರೆ ಹೊಸದಾಗಿದ್ದಾಗಿನ ಶಕ್ತಿ ಬೇರೆ, ಹತ್ತು ವರ್ಷದ ನಂತರವೂ ಕರೆದಾಗ ಓಗೊಡುವ ಗುಣ ಬೇರೆ.

ನನ್ನನ್ನು ಹೆಚ್ಚು ಕಾಡಿದ್ದು ಫೋಮಿನ ಬ್ಲ್ಯಾಡರ್ ಟ್ಯಾಂಕ್. ಉಕ್ಕಿನ ಟ್ಯಾಂಕಿನೊಳಗೆ ರಬ್ಬರ್ ಚೀಲ, ಅದರೊಳಗೆ ಫೋಮ್ ದ್ರಾವಣ. ಬೆಂಕಿ ಬಿದ್ದಾಗ ಸುತ್ತಲಿನ ನೀರಿನ ಒತ್ತಡವೇ ಚೀಲವನ್ನು ಹಿಂಡಿ ದ್ರಾವಣವನ್ನು ಪ್ರಪೋರ್ಷನರಿಗೆ (ನೀರಿಗೆ ಅದನ್ನು ಅಳತೆಯಲ್ಲಿ ಬೆರೆಸುವ ಸಾಧನಕ್ಕೆ) ತಳ್ಳಬೇಕು. ಚೀಲ ಎಲ್ಲೋ ಒಂದು ಕಡೆ ಸೀಳಿದರೂ ಗೇಜು ಎಂದಿನಂತೆಯೇ ಇರುತ್ತದೆ, ಪ್ಯಾನಲ್‌ನಲ್ಲಿ ಯಾವ ದೀಪವೂ ಹತ್ತುವುದಿಲ್ಲ. ನೀರಿನ ಬದಿಯ ಡ್ರೈನ್ ತೆರೆದು, ಬಂದ ನೀರನ್ನು ಬಾಟಲಿಯಲ್ಲಿ ಅಲುಗಾಡಿಸಿ ನೊರೆ ಏಳುತ್ತದೆಯೇ ಎಂದು ನೋಡಬೇಕು. ನಮ್ಮಲ್ಲಿ ನೊರೆ ಎದ್ದಿತು, ಅಂದರೆ ಚೀಲ ಸೀಳಿತ್ತು.

ಚೀಲ ಬದಲಿಸಲು ದ್ರಾವಣವನ್ನೆಲ್ಲ ಹೊರತೆಗೆಯಬೇಕು. ಹಳೆಯ ಬಗೆಯ ಫ್ಲೋರಿನ್‌ಯುಕ್ತ ದ್ರಾವಣವನ್ನು ಮೋರಿಗೆ ಬಿಡುವಂತಿಲ್ಲ, ಏಕೆಂದರೆ ಅದರಲ್ಲಿನ ಪಿಎಫ್‌ಎಎಸ್ ರಾಸಾಯನಿಕಗಳು ಮಣ್ಣಿನಲ್ಲೂ ಅಂತರ್ಜಲದಲ್ಲೂ ಸುಲಭವಾಗಿ ನಾಶವಾಗದೆ ಉಳಿಯುತ್ತವೆ. ಇದೇ ಕಾರಣಕ್ಕೆ, ಮಿಶ್ರಣದ ಪ್ರಮಾಣ ಸರಿಯಿದೆಯೇ ಎಂದು ತಿಳಿಯಲು ಫೋಮನ್ನು ನಿಜವಾಗಿ ಹರಿಸಿ ನೋಡುವ ಪರೀಕ್ಷೆಯನ್ನೂ ಎಲ್ಲರೂ ಮುಂದೂಡುತ್ತಾರೆ. ಪರೀಕ್ಷೆಗೇ ಹೆದರಬೇಕಾದ ಯಂತ್ರವನ್ನು ನಾನು ನಂಬಲಾರೆ.

ತಾನಾಗಿ ಸುರಿಯುವ ಅಪಾಯವೂ ಇದೆ. 2014ರ ಜನವರಿ 8ರಂದು ಅಮೆರಿಕದ ಫ್ಲಾರಿಡಾದ ಎಗ್ಲಿನ್ ವಾಯುನೆಲೆಯಲ್ಲಿ, ಬೆಂಕಿಯೇ ಇಲ್ಲದೆ ಹ್ಯಾಂಗರ್ ಫೋಮಿನಿಂದ ತುಂಬಿ ಒಬ್ಬರು ಸತ್ತರು.

ಸ್ಪ್ರಿಂಕ್ಲರಿನಲ್ಲಿ ಕಾವು ತಗುಲಿದ ಹೆಡ್ ಮಾತ್ರ ತೆರೆಯುತ್ತದೆ; ಹೆಡ್ಡನ್ನು ಮುಚ್ಚಿ ಹಿಡಿದ ಹಸಿರು ಗಾಜಿನ ಬಲ್ಬ್ ಒಡೆಯುವುದು 93 ಡಿಗ್ರಿ ಸೆಲ್ಸಿಯಸ್‌ಗೆ. ಟೆಸ್ಟ್ ವಾಲ್ವ್ ತೆರೆದರೆ ಹರಿಯುವುದು ಬರೀ ನೀರು, ಹಾಗಾಗಿ ಪರೀಕ್ಷೆಗೆ ಯಾರೂ ತಕರಾರು ಮಾಡುವುದಿಲ್ಲ. ಇದರ ಶತ್ರು ತುಕ್ಕು: ಕೊಳವೆಯ ಎತ್ತರದ ಭಾಗದಲ್ಲಿ ಸಿಕ್ಕಿಕೊಂಡ ಗಾಳಿ ಒಳಗಿನಿಂದ ತಿನ್ನುತ್ತದೆ. ಏರ್ ವೆಂಟ್ ಹಾಕಿಸಿ, ಕಾರಣವಿಲ್ಲದೆ ನೀರು ಖಾಲಿ ಮಾಡಿ ತುಂಬುವುದನ್ನು ನಿಲ್ಲಿಸಬೇಕು, ಹೊಸ ನೀರಿನೊಂದಿಗೆ ಹೊಸ ಆಮ್ಲಜನಕವೂ ಬರುತ್ತದೆ.

ನನ್ನದು ಚಿಕ್ಕ ತಂಡ. ವಾಲ್ವ್, ಗೇಜು, ಡೀಸೆಲ್ ಪಂಪುಗಳನ್ನು ವಾರವಾರವೂ ಖುದ್ದಾಗಿ ನೋಡುವುದು ನನ್ನ ಅಭ್ಯಾಸ. ಆ ಅಭ್ಯಾಸಕ್ಕೂ ಕೈಯಲ್ಲಿರುವ ಹಣಕ್ಕೂ ಹೊಂದುವುದು ಸ್ಪ್ರಿಂಕ್ಲರೇ. ಇಂಧನ ತುಂಬಿದ ದೊಡ್ಡ ವಿಮಾನಗಳು ಒಳಗೆ ನಿಲ್ಲುವ ಕಡೆ ಇದೊಂದೇ ಸಾಲದು. ಅಲ್ಲಿ ಚೆಲ್ಲಿದ ಇಂಧನವನ್ನು ತಕ್ಷಣ ಕೆಳಗೆಳೆದು ಸಾಗಿಸುವ ಡ್ರೈನೇಜ್ ನೆಲಕ್ಕೆ, ಹ್ಯಾಂಗರುಗಳ ಬೆಂಕಿ ರಕ್ಷಣೆಯ ಅಮೆರಿಕದ ಮಾನದಂಡವಾದ ಎನ್‌ಎಫ್‌ಪಿಎ 409ರ 2022ರ ಆವೃತ್ತಿಯಲ್ಲಿ ಅವಕಾಶವಿದೆ. ಚೀಲ ಬದಲಿಸಲು ಇಟ್ಟ ಹಣವನ್ನು ನಾನಾದರೆ ಅದಕ್ಕೇ ಹಾಕುತ್ತೇನೆ.